ಘಟ್ಟದ ಬುಡದ ಟವರ್: ಮಳೆಗಾಲದ ರಾತ್ರಿ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗಬೇಕೆಂದರೆ

ಉಡುಪಿ ಜಿಲ್ಲೆಯ ಹೆಬ್ರಿ ದಾಟಿ ಘಟ್ಟದ ಬುಡದ ಊರುಗಳ ಕಡೆ ತಿರುಗಿದರೆ ಫೋನಿನ ಕಡ್ಡಿಗಳು ಒಂದೊಂದಾಗಿ ಹೋಗುತ್ತವೆ. ಅಲ್ಲಿ ಪ್ರತಿ ಮನೆಗೂ ಒಂದು ‘ಸಿಗ್ನಲ್ ಸಿಗುವ ಜಾಗ’ ಉಂಟು. ಒಬ್ಬರಿಗೆ ಅಂಗಳದ ಮೂಲೆಯ ಹಲಸಿನ ಮರದ ಬುಡ, ಇನ್ನೊಬ್ಬರಿಗೆ ಪಂಪ್ ಶೆಡ್ಡಿನ ಮಾಡು, ಮತ್ತೊಬ್ಬರಿಗೆ ಗುಡ್ಡದ ಮೇಲಿನ ಪಾದೆ (ಬಂಡೆ). ಬೆಂಗಳೂರಿನಲ್ಲಿರುವ ಮಗನ ಹತ್ತಿರ ಮಾತಾಡಲು ಇಷ್ಟು ಸಾಕು. ತುರ್ತಿಗೆ ಸಾಲುವುದಿಲ್ಲ.

108ಕ್ಕೆ ಫೋನ್ ಮಾಡಿದರೆ ವಿಷಯ ಒಂದೇ ಕರೆಯಲ್ಲಿ ಮುಗಿಯುವುದಿಲ್ಲ. ಮೊದಲು ಎಲ್ಲಿ, ಏನಾಯಿತು ಅಂತ ಕೇಳುತ್ತಾರೆ. ಆಮೇಲೆ ಆಂಬುಲೆನ್ಸ್ ಡ್ರೈವರ್ ವಾಪಸ್ ಫೋನ್ ಮಾಡುತ್ತಾರೆ. ‘ಸೇತುವೆ ಆದ ಮೇಲೆ ಎಡಕ್ಕಾ, ಬಲಕ್ಕಾ?’ ಅಂತ ಅವರು ಕೇಳುವ ಹೊತ್ತಿಗೆ, ಫೋನ್ ಮಾಡಿದವರು ಪಾದೆಯಿಂದ ಇಳಿದು ರೋಗಿಯ ಹತ್ತಿರ ಬಂದಿರುತ್ತಾರೆ. ಅಲ್ಲಿ ಸಿಗ್ನಲ್ ಇಲ್ಲ. ಹೆಬ್ರಿಯಿಂದ ಮಣಿಪಾಲಕ್ಕೆ ಸುಮಾರು 30 ಕಿಲೋಮೀಟರ್. ಅಡಿಕೆ ಮರದಿಂದ ಬಿದ್ದವರಿಗೆ, ಹಾವು ಕಚ್ಚಿದವರಿಗೆ, ದಾರಿ ತಪ್ಪಿ ಕಳೆದುಹೋಗುವ ಹದಿನೈದು ನಿಮಿಷ ತುಂಬ ಜಾಸ್ತಿಯಾಯಿತು. ಹಾಗಾಗಿ ರೋಗಿ ಮಲಗಿರುವ ಕೋಣೆಯಲ್ಲೇ ಫೋನ್ ರಿಂಗ್ ಆಗಬೇಕು. ಅದೂ ಜುಲೈ ತಿಂಗಳ ರಾತ್ರಿ, ಕರೆಂಟ್ ಹೋಗಿರುವಾಗ. ಈ ಟವರ್ ಕಟ್ಟುವಾಗ ನಾನು ಪ್ರತಿ ಕೆಲಸವನ್ನೂ ಇದೇ ಲೆಕ್ಕದಲ್ಲಿ ನೋಡಿದೆ.

2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಟ್ಟು 26,316 ಕೋಟಿ ರೂಪಾಯಿಯ ಕೆಲಸ. ನಮ್ಮದೂ ಅಂಥದ್ದೇ ಒಂದು ಟವರ್: 40 ಮೀಟರ್ ಎತ್ತರ, ನಾಲ್ಕು ಕಾಲು, ಮೂರು ದಿಕ್ಕಿಗೆ ಆಂಟೆನಾ, 4ಜಿ ಮಾತ್ರ. ಗುಂಡಿ ತೆಗೆಯುವುದರಿಂದ ಹಿಡಿದು ಚಾಲೂ ಮಾಡಿ ಕೊಡುವವರೆಗೆ ಸೈಟ್ ನನ್ನ ಜವಾಬ್ದಾರಿ. ನಮಗೆ ಬರುವ ಡ್ರಾಯಿಂಗ್‌ಗಳು ಹೆಚ್ಚಾಗಿ ಬಯಲುಸೀಮೆಯ ಮಣ್ಣು, ಬಯಲುಸೀಮೆಯ ಮಳೆ ನೋಡಿ ಮಾಡಿದಂತೆ ಇರುತ್ತವೆ. ಕರಾವಳಿಯಲ್ಲಿ ಇದೇ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ.

ಜಾಗ

ಟವರ್ ಅಂದ ಕೂಡಲೇ ಊರಿನವರೆಲ್ಲ ಕೈ ತೋರಿಸುವುದು ಅತಿ ಎತ್ತರದ ಗುಡ್ಡಕ್ಕೆ. ಸಹಜ. ಆದರೆ ಇಲ್ಲಿ ಮನೆಗಳಿರುವುದು ಕೆಳಗೆ ತೋಟದ ಸಾಲಿನಲ್ಲಿ. ತುಂಬ ಮೇಲಿಂದ ಬಿಟ್ಟ ಸಿಗ್ನಲ್ ಮನೆಗಳ ತಲೆ ಮೇಲೆ ದಾಟಿ ಎದುರು ಗುಡ್ಡಕ್ಕೆ ಹೋಗಿ ಬಡಿಯುತ್ತದೆ. ಅಲ್ಲದೆ ಮೇಲಿನ ಗುಡ್ಡ ಕಾಡಿನ ಗಡಿಯೊಳಗೆ. ಸೋಮೇಶ್ವರ ಅಭಯಾರಣ್ಯ ಹತ್ತಿರವೇ ಇರುವುದರಿಂದ ಅಲ್ಲಿ ಅನುಮತಿ, ರಸ್ತೆ, ಕರೆಂಟ್ ಲೈನ್ ಎಲ್ಲವೂ ಕಷ್ಟ.

ಕೊನೆಗೆ ಆರಿಸಿದ್ದು ಪಟ್ಟಾ ಜಾಗದ ಒಂದು ಸಣ್ಣ ಗುಡ್ಡ. ತೋಟದ ಮಟ್ಟದಿಂದ ಸುಮಾರು 60 ಮೀಟರ್ ಮೇಲೆ. ಆಂಟೆನಾ ಟವರಿನ 36ನೇ ಮೀಟರ್‌ನಲ್ಲಿ ಕೂರುವುದರಿಂದ ಮನೆಗಳಿಗಿಂತ 96 ಮೀಟರ್ ಎತ್ತರ. ಮನೆಗಳ ಮುಖ್ಯ ಸಾಲು 1.2 ಕಿಲೋಮೀಟರ್ ದೂರದಲ್ಲಿ. ಲೆಕ್ಕ ಹಾಕಿದರೆ ಆಂಟೆನಾ ನಾಲ್ಕೂವರೆ ಡಿಗ್ರಿ ಕೆಳಗೆ ನೋಡಬೇಕು. ಪ್ಲಾನ್ ಶೀಟಿನಲ್ಲಿ ಎಲ್ಲ ಸೆಕ್ಟರಿಗೂ (ಒಂದು ಆಂಟೆನಾ ನೋಡುವ ಭಾಗ) 2 ಡಿಗ್ರಿ ಅಂತ ಇತ್ತು, ಅದನ್ನು ಬದಲಾಯಿಸಿ ಬರೆಸಿಕೊಂಡೆವು. ಮೂರು ಆಂಟೆನಾಗಳನ್ನು ಸಮವಾಗಿ 120 ಡಿಗ್ರಿಗೆ ಹಂಚುವ ರೂಢಿಯೂ ಇಲ್ಲಿ ಬೇಡ. ಕಣಿವೆ ಎತ್ತ ಹೋಗುತ್ತದೋ ಅತ್ತ ಎರಡು, ರಸ್ತೆ ಬರುವ ಕಡೆಗೆ ಒಂದು. ಆಂಬುಲೆನ್ಸ್ ಡ್ರೈವರ್ ಕೈಗೂ ಸಿಗ್ನಲ್ ಬೇಕಲ್ವಾ?

ಬ್ಯಾಂಡ್ (ಸಿಗ್ನಲ್ ಸಾಗುವ ತರಂಗದ ಪಟ್ಟಿ) ಎರಡು: 700 ಮತ್ತು 2100 ಮೆಗಾಹರ್ಟ್ಸ್. ಅಡಿಕೆ ತೋಟ, ಹೆಂಚಿನ ಮನೆ, ಮಳೆಯಲ್ಲಿ ನೆನೆದ ಎಲೆಗಳ ನಡುವೆ ಜಾಸ್ತಿ ದೂರ ತೂರಿ ಹೋಗುವುದು 700. ಬಯಲಿನಲ್ಲೇ ಇವೆರಡರ ನಡುವೆ 9.5 ಡೆಸಿಬಲ್ ವ್ಯತ್ಯಾಸ, ಅಂದರೆ ಶಕ್ತಿಯಲ್ಲಿ ಸುಮಾರು ಒಂಬತ್ತು ಪಟ್ಟು. ಮರ, ಗೋಡೆ ಸೇರಿದರೆ ಇನ್ನೂ ಹೆಚ್ಚು. ಈ ಊರಿನಲ್ಲಿ ಜೀವ ಉಳಿಸುವ ಬ್ಯಾಂಡ್ 700. 2100 ಇದ್ದರೆ ವಿಡಿಯೊ ಚೆನ್ನಾಗಿ ಬರುತ್ತದೆ, ಅಷ್ಟೆ.

ಅಡಿಪಾಯ

ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್‌ನಲ್ಲಿ ಗುಂಡಿ ತೆಗೆದೆವು. ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ). ಜೆಸಿಬಿಗೆ ಬ್ರೇಕರ್ ಹಾಕಿಯೇ ಒಡೆಯಬೇಕಾಯಿತು. ಜಾಗದ ಯಜಮಾನರು ಬಂದು ನೋಡಿ, ‘ಎಂತ ಮಾರಾಯ್ರೆ, ಬಾವಿ ತೋಡ್ತೀರಾ?’ ಅಂತ ಕೇಳಿದರು. ಅವರ ಪ್ರಶ್ನೆ ಸರಿಯೇ. ನಮ್ಮ ಕಡೆ ಎಷ್ಟು ಆಳ ಅನ್ನುವುದಕ್ಕಿಂತ, ಆಳದಲ್ಲಿ ಎಂತ ಉಂಟು ಅನ್ನುವುದು ಮುಖ್ಯ. ಮುರಕಲ್ಲಿನ ಕೆಳಗೆ ಶೇಡಿ ಮಣ್ಣು. ಒಣಗಿದಾಗ ಅದು ಕಲ್ಲಿನ ಹಾಗೆ ಗಟ್ಟಿ. ನೀರು ಕುಡಿದರೆ ಬಲ ಬಿಟ್ಟುಬಿಡುತ್ತದೆ. ಕರಾವಳಿಯಲ್ಲಿ ಗುಡ್ಡ ಕಡಿದ ಜಾಗ ಮಳೆಗಾಲದಲ್ಲಿ ಜಾರುವುದಕ್ಕೆ ಹೆಚ್ಚಿನ ಕಡೆ ಈ ಶೇಡಿಯೇ ಕಾರಣ.

ಹಾಗಾಗಿ ಮುರಕಲ್ಲು ಪದರ ಎಷ್ಟು ದಪ್ಪ ಇದೆ ಅಂತ ಮೊದಲೇ ಬೋರ್ ಹಾಕಿ ನೋಡಿದೆವು. ಫೂಟಿಂಗ್ (ಟವರಿನ ಕಾಲು ನಿಲ್ಲುವ ಕಾಂಕ್ರೀಟ್ ಬುಡ) ಪೂರ್ತಿ ಅದರೊಳಗೇ ಕೂರುವ ಹಾಗೆ ವಿನ್ಯಾಸ ಮಾಡಿಸಿದೆವು. ಗುಡ್ಡದ ಮೇಲ್ಬದಿಯಲ್ಲಿ ಸಿಮೆಂಟ್ ಚರಂಡಿ ಕಟ್ಟಿ ಮಳೆನೀರನ್ನು ಸೈಟಿನ ಆಚೆ ತಿರುಗಿಸಿದೆವು. ಡ್ರಾಯಿಂಗ್‌ನಲ್ಲಿ ಈ ಚರಂಡಿ ಇರಲಿಲ್ಲ. ಘಟ್ಟದ ಬುಡದಲ್ಲಿ ಟವರ್ ಮಾಡುವವರು ಇದನ್ನು ಖರ್ಚು ಅಂತ ನೋಡಬೇಡಿ. ಅಡಿಪಾಯದ ಆಯುಸ್ಸು ಇರುವುದೇ ಅಲ್ಲಿ.

ಕಾಂಕ್ರೀಟ್ ಎಂ25. ರೆಡಿಮಿಕ್ಸ್ ಲಾರಿ ಹತ್ತುವ ದಾರಿ ಅಲ್ಲ, ಸೈಟಿನಲ್ಲೇ ಮಿಕ್ಸರ್ ಇಟ್ಟು ಒಂದೊಂದು ಫೂಟಿಂಗನ್ನು ಒಂದೇ ಹಿಡಿತಕ್ಕೆ ತುಂಬಿಸಿದೆವು. 150 ಮಿಲಿಮೀಟರಿನ ಕ್ಯೂಬ್‌ಗಳನ್ನು 7 ಮತ್ತು 28 ದಿನಕ್ಕೆ ಒಡೆಸಿ ನೋಡಿ ಆದ ಮೇಲೆಯೇ ಟವರ್ ಎಬ್ಬಿಸಿದ್ದು.

ಎಬ್ಬಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟವರ್ ಹತ್ತಿ ಜೋಡಿಸುವ ಅನುಭವಿ ರಿಗ್ಗರ್‌ಗಳು ಇದ್ದರೆ ಅದು ತನ್ನಷ್ಟಕ್ಕೆ ನಡೆಯುತ್ತದೆ. ಆ್ಯಂಗಲ್‌ಗಳನ್ನು ಪಿಕಪ್‌ನಲ್ಲಿ ಅರ್ಧ ದಾರಿ ತಂದು, ಉಳಿದದ್ದನ್ನು ಹೆಗಲ ಮೇಲೆ ಹೊತ್ತರು. ಮಂಗಳೂರು ಕಡೆಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್ ಅಂತ ಭಾರತೀಯ ಮಾನಕದಲ್ಲಿದೆ, ಅಂದರೆ ಗಂಟೆಗೆ 140 ಕಿಲೋಮೀಟರ್. ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರ್‌ನಲ್ಲಿ ಬಿಗಿದು, ಬಣ್ಣದಲ್ಲಿ ಗೆರೆ ಎಳೆದೆವು. ಬೋಲ್ಟ್ ಸಡಿಲ ಆದರೆ ಗೆರೆ ಮುರಿಯುತ್ತದೆ, ಕೆಳಗಿಂದ ದುರ್ಬೀನಿನಲ್ಲೇ ಕಾಣುತ್ತದೆ. 40 ಮೀಟರಿಗೆ 40 ಮಿಲಿಮೀಟರಿಗಿಂತ ಜಾಸ್ತಿ ವಾಲಬಾರದು ಅನ್ನುವುದು ನಮಗಿದ್ದ ಮಿತಿ. ಅದರೊಳಗೇ ಬಂತು.

ಅರ್ಥಿಂಗ್

ಇಲ್ಲಿ ತುಂಬ ಹೊತ್ತು ಕಳೆಯಿತು. ಕಳೆಯಬೇಕಾದ್ದೇ.

ಕರಾವಳಿಯಲ್ಲಿ ಸಿಡಿಲಿನ ಕಾಟ ಜಾಸ್ತಿ ಇರುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ. ಏಪ್ರಿಲ್‌ನಲ್ಲಿ ಮುರಕಲ್ಲು ಒಣಗಿ ಒಲೆಕಲ್ಲಿನಂತೆ ಆಗಿರುತ್ತದೆ. ಕರೆಂಟನ್ನು ಭೂಮಿಗೆ ಬಿಡಬೇಕಾದ ಹೊತ್ತಿಗೇ ಭೂಮಿ ಅದನ್ನು ತೆಗೆದುಕೊಳ್ಳಲು ತಯಾರಿರುವುದಿಲ್ಲ. ಅರ್ಥಿಂಗ್ ಅಳತೆಯನ್ನು ಜುಲೈಯಲ್ಲಿ ಮಾಡಿದರೆ ಚಂದದ ಅಂಕಿ ಬರುತ್ತದೆ. ಆ ಅಂಕಿಗೆ ಬೆಲೆ ಇಲ್ಲ. ಅಳೆಯಬೇಕಾದ್ದು ಏಪ್ರಿಲ್‌ನಲ್ಲೇ.

ನಾಲ್ಕು ಸಲಾಕೆಗಳನ್ನು ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ನೆಟ್ಟು ಮಣ್ಣನ್ನು ಅಳೆದೆವು. 2 ಮೀಟರ್ ಅಂತರದಲ್ಲಿ 80 ಓಮ್ (ಕರೆಂಟಿಗೆ ಎದುರಾಗುವ ತಡೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) ತೋರಿಸಿತು. ಅದನ್ನು 2 ಪೈ ಮತ್ತು ಅಂತರದಿಂದ ಗುಣಿಸಿದರೆ ಸುಮಾರು 1000 ಓಮ್-ಮೀಟರ್. ಇಂಥ ಮಣ್ಣಿನಲ್ಲಿ ಮಾಮೂಲಿ 3 ಮೀಟರ್ ಪೈಪ್ ಒಂದನ್ನು ಹೂತರೆ ಸಿಗುವುದು 270 ಓಮ್ ಆಸುಪಾಸು. ಉಪ್ಪು–ಇದ್ದಿಲು ಹಾಕಿ ನೀರು ಹೊಯ್ದು ಪರೀಕ್ಷೆ ದಿನಕ್ಕೆ ಕಡಿಮೆ ಮಾಡಿ ತೋರಿಸಬಹುದು. ಆದರೆ ಮೊದಲ ಮಳೆಗೆ ಉಪ್ಪು ತೊಳೆದು ಹೋಗುತ್ತದೆ, ಪೈಪೂ ತುಕ್ಕು ಹಿಡಿಯುತ್ತದೆ.

ಅದೇ ಸಲಾಕೆಗಳನ್ನು 10 ಮೀಟರ್ ಅಂತರಕ್ಕೆ ಸರಿಸಿದಾಗ ಲೆಕ್ಕ 250 ಓಮ್-ಮೀಟರಿಗೆ ಇಳಿಯಿತು. ಅಂತರ ಜಾಸ್ತಿ ಮಾಡಿದಷ್ಟೂ ಅಳತೆ ಆಳಕ್ಕೆ ಹೋಗುತ್ತದೆ. ಅಂದರೆ ಕೆಳಗೆ ತೇವ ಇದೆ. ಶೇಡಿ ಮಣ್ಣು! ಅಡಿಪಾಯಕ್ಕೆ ಬೇಡವಾದ ಅದೇ ಮಣ್ಣು ಅರ್ಥಿಂಗಿಗೆ ಬೇಕು. ಜೇಡಿ ಜಾತಿಯದ್ದಾದ್ದರಿಂದ ಬೇಸಿಗೆಯಲ್ಲೂ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಬೋರ್‌ವೆಲ್ ಗಾಡಿ ತರಿಸಿ 6 ಇಂಚಿನ, 20 ಮೀಟರ್ ಆಳದ ನಾಲ್ಕು ರಂಧ್ರ ಹೊಡೆಸಿದೆವು. ಎರಡು ಸೈಟಿನೊಳಗೆ, ಎರಡು ಕೆಳಗೆ ತೋಟದ ಅಂಚಿನಲ್ಲಿ. ಒಂದಕ್ಕೊಂದು ಹತ್ತಿರ ಇದ್ದರೆ ಲಾಭ ಇಲ್ಲ, ಕಡಿಮೆ ಅಂದರೂ ಆಳದಷ್ಟು ಅಂತರ ಬೇಕು. ಸಲಾಕೆ ಇಳಿಸಿ ಸುತ್ತ ಬೆಂಟೊನೈಟ್ (ತೇವ ಹಿಡಿಯುವ ಜೇಡಿ ಪುಡಿ) ಕಲಸಿ ತುಂಬಿದೆವು. ತೋಟದ ಕಡೆ ಹೋಗುವ ಜಿಐ (ಸತು ಲೇಪದ ಕಬ್ಬಿಣ) ಪಟ್ಟಿಯನ್ನು ಒಂದು ಮೀಟರ್ ಆಳದಲ್ಲಿ ಹೂತು, ಜನ ಮತ್ತು ದನ ಓಡಾಡುವ ದಾರಿ ತಪ್ಪಿಸಿ ತೆಗೆದುಕೊಂಡು ಹೋದೆವು. ಸಿಡಿಲು ಹೊಡೆದಾಗ ಆ ಪಟ್ಟಿಯ ಮೇಲಿನ ನೆಲದಲ್ಲಿ ಕಾಲಿಂದ ಕಾಲಿಗೆ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ. ನಾಲ್ಕು ಕಾಲಿನ ದನಕ್ಕೆ ಅದು ಇನ್ನೂ ಅಪಾಯ.

ಎಲ್ಲ ಸೇರಿಸಿ ಏಪ್ರಿಲ್ ಕೊನೆಗೆ ಅಳೆದಾಗ 4 ಓಮ್. ಕಾಗದದಲ್ಲಿ 1 ಓಮ್ ಬರೆದಿತ್ತು. ಇದರ ಬಗ್ಗೆ ವಿನ್ಯಾಸದವರ ಜೊತೆ ಕೂತು ಚರ್ಚೆಯಾಯಿತು. ನನ್ನ ವಾದ ಇಷ್ಟೇ. 30,000 ಆಂಪಿಯರ್‌ನ ಸಿಡಿಲು ಬಂದರೆ 4 ಓಮ್‌ನಲ್ಲಿ 1,20,000 ವೋಲ್ಟ್ ಏರುತ್ತದೆ. 1 ಓಮ್ ಇದ್ದರೂ 30,000 ವೋಲ್ಟ್. ಎರಡೂ ಉಪಕರಣ ಸುಡಲು ಧಾರಾಳ ಸಾಕು. ಉಪಕರಣ ಉಳಿಯುವುದು ಓಮ್ ಕಡಿಮೆ ಆದದ್ದರಿಂದ ಮಾತ್ರ ಅಲ್ಲ, ಎಲ್ಲವೂ ಒಟ್ಟಿಗೆ ಏರುವುದರಿಂದ. ಟವರಿನ ಕಾಲು, ಕ್ಯಾಬಿನೆಟ್, ಬ್ಯಾಟರಿ ಸ್ಟ್ಯಾಂಡ್, ಕೇಬಲಿನ ಹೊರಕವಚ, ಜನರೇಟರ್, ತಂತಿಬೇಲಿ, ಕರೆಂಟ್ ಲೈನಿನ ಅರ್ಥ್ ಎಲ್ಲವನ್ನೂ ಒಂದೇ ಲೋಹದ ಪಟ್ಟಿಗೆ, ಅಂದರೆ ಬಸ್‌ಬಾರಿಗೆ ಕಟ್ಟಿದರೆ ಅವುಗಳ ನಡುವೆ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇಲ್ಲದಿದ್ದರೆ ಕರೆಂಟ್ ಹರಿಯುವುದೂ ಇಲ್ಲ. ಜನರೇಟರಿಗೆ ಬೇರೆ ಅರ್ಥ್, ಟವರಿಗೆ ಬೇರೆ ಅರ್ಥ್ ಅಂತ ಪ್ರತ್ಯೇಕ ಮಾಡುವ ಹಳೆ ಅಭ್ಯಾಸ ಈಗಲೂ ಅಲ್ಲಲ್ಲಿ ಉಂಟು. ಅದು ಇಲ್ಲಿ ಬಹಳ ಅಪಾಯ.

4 ಓಮ್‌ಗೆ ಬರವಣಿಗೆಯಲ್ಲಿ ಒಪ್ಪಿಗೆ ಸಿಕ್ಕಿತು. ಸಿಡಿಲು ರಕ್ಷಣೆಯ ಮಾನಕದಲ್ಲಿ ಇರುವ ಮಿತಿ 10 ಓಮ್.

ಲಿಂಕ್

ಟವರ್ ತಾನಾಗಿ ಏನೂ ಮಾಡುವುದಿಲ್ಲ. ಅದರ ಮಾತು ಕೆಳಗಿನ ನೆಟ್‌ವರ್ಕಿಗೆ ತಲುಪಬೇಕು. ಫೈಬರ್ ಎಳೆಯಬಹುದಿತ್ತು. ಆದರೆ ರಸ್ತೆ ಅಗಲ ಮಾಡುವಾಗ, ಮರ ಬಿದ್ದಾಗ, ಗುಡ್ಡ ಜಾರಿದಾಗ ಮೊದಲು ತುಂಡಾಗುವುದು ಫೈಬರ್. ಗುಡ್ಡ ಜಾರಿದ ದಿನವೇ ಫೋನ್ ಬೇಕಾಗುವುದು. ಹಾಗಾಗಿ ಮೈಕ್ರೋವೇವ್ ಲಿಂಕ್ (ಡಿಶ್‌ನಿಂದ ಡಿಶ್‌ಗೆ ತಂತಿಯಿಲ್ಲದ ಸಂಪರ್ಕ), 11 ಕಿಲೋಮೀಟರ್ ದೂರದ ಇನ್ನೊಂದು ಟವರಿಗೆ.

ಸಣ್ಣ ಡಿಶ್, ಹಗುರ ಅಂತ ಮೊದಲು 15 ಗಿಗಾಹರ್ಟ್ಸ್ ಸೂಚಿಸಿದ್ದರು. ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಹೊಯ್ಯುವಾಗ 15 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ 6ರಿಂದ 8 ಡೆಸಿಬಲ್ ನಷ್ಟ. 7 ಗಿಗಾಹರ್ಟ್ಸ್‌ನಲ್ಲಿ 2ಕ್ಕಿಂತ ಕಡಿಮೆ. ಅಷ್ಟು ಜೋರು ಮಳೆ 11 ಕಿಲೋಮೀಟರ್ ಪೂರ್ತಿ ಒಟ್ಟಿಗೆ ಹೊಯ್ಯುವುದಿಲ್ಲ. ಆದರೂ 5 ಕಿಲೋಮೀಟರ್ ಅಂತ ಇಟ್ಟುಕೊಂಡರೆ 15ರಲ್ಲಿ ನಮ್ಮ ಕೈಯಲ್ಲಿರುವ 35 ಡೆಸಿಬಲ್ ಮಾರ್ಜಿನ್ (ಲಿಂಕ್ ಬೀಳುವ ಮೊದಲು ಕಳೆದುಕೊಳ್ಳಬಹುದಾದಷ್ಟು ಸಿಗ್ನಲ್) ಖಾಲಿ. 7ರಲ್ಲಿ 10ರೊಳಗೆ ಮುಗಿಯುತ್ತದೆ. ಡಿಶ್ 1.2 ಮೀಟರ್ ಆಯಿತು, ಗಾಳಿಯ ಭಾರ ಜಾಸ್ತಿಯಾಯಿತು, ಪರವಾಗಿಲ್ಲ. ತರಂಗವನ್ನು ಲಂಬವಾಗಿ ಇಟ್ಟೆವು. ಬೀಳುವ ಹನಿ ಅಡ್ಡಕ್ಕೆ ಚಪ್ಪಟೆಯಾಗುವುದರಿಂದ ಲಂಬ ತರಂಗಕ್ಕೆ ನಷ್ಟ ಕಡಿಮೆ.

ದಾರಿಯಲ್ಲಿ ಮರದ ತುದಿಗೂ ಎರಡು ಡಿಶ್ಶುಗಳ ನಡುವಿನ ನೇರ ಗೆರೆಗೂ ನಡುವೆ ಜಾಗ ಬೇಕು. ಈ ದೂರಕ್ಕೆ ನಡುಮಧ್ಯದಲ್ಲಿ ಕಡಿಮೆ ಅಂದರೂ ಆರೂವರೆ ಮೀಟರ್. ಮರ ಬೆಳೆಯುತ್ತದೆ ಅಂತ ಇನ್ನಷ್ಟು ಬಿಟ್ಟೆವು.

ಡಿಶ್ ಹೊಂದಿಸುವಾಗ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಡಿಶ್ಶಿನ ಕಿರಣ ಎರಡೂವರೆ ಡಿಗ್ರಿ ಅಗಲ. 11 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ಅಂದರೆ 190 ಮೀಟರ್. ರಿಗ್ಗರ್ ಹುಡುಗ 34ನೇ ಮೀಟರ್‌ನಲ್ಲಿ ಬೆಲ್ಟ್ ಕಟ್ಟಿ ನಿಂತಿದ್ದ. ಕೆಳಗೆ ನಾನು. ಫೋನ್ ಇಲ್ಲದ ಊರಾದ್ದರಿಂದ ಮಾತೆಲ್ಲ ವಾಕಿಟಾಕಿಯಲ್ಲಿ. ಅವನು ಸ್ಪ್ಯಾನರ್‌ನಲ್ಲಿ ನಟ್ಟನ್ನು ಕಾಲು ಸುತ್ತು ತಿರುಗಿಸುತ್ತಾನೆ, ನಾನು ಬಂದ ಸಿಗ್ನಲಿನ ಅಂಕಿ ಓದುತ್ತೇನೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 70, 64, 59, 58. ಮತ್ತೆ ತಿರುಗಿಸಿದರೆ 61. ಅವನು ಹಿಂದೆ ತಂದು 58ಕ್ಕೆ ನಿಲ್ಲಿಸಿದ. ‘ಸಾರ್, ಪೀಕ್ ಸಿಕ್ತು, ಟೈಟ್ ಮಾಡ್ಲಾ?’ ಅಂತ ಕೇಳಿದ. ಲಿಂಕ್ ಬಂದಿತ್ತು, ಹಸಿರು ದೀಪ ಹೊತ್ತಿತ್ತು. ಆದರೆ ಲೆಕ್ಕದ ಪ್ರಕಾರ ಬರಬೇಕಾದದ್ದು ಮೈನಸ್ 37. ಇಪ್ಪತ್ತೊಂದು ಡೆಸಿಬಲ್ ಕಡಿಮೆ, ಅಂದರೆ ಸುಮಾರು ನೂರರಲ್ಲಿ ಒಂದು ಪಾಲು. ಅದು ನಿಜವಾದ ಶಿಖರ ಅಲ್ಲ, ಪಕ್ಕದ ಸಣ್ಣ ಕಿರಣ. ‘ಬೇಡ ತಮ್ಮಾ, ಅದೇ ಕಡೆ ಇನ್ನೂ ಹೋಗು’ ಅಂದೆ. ಅಂಕಿ ಮೈನಸ್ 75ಕ್ಕೆ ಬಿತ್ತು, ದೀಪ ಆರಿತು. ಮುಂದೆ ಹೋದ. ಮತ್ತೆ ಏರುತ್ತಾ ಏರುತ್ತಾ ಮೈನಸ್ 38ಕ್ಕೆ ಬಂದು ನಿಂತಿತು. ಅದರ ಆಚೆ ಕಡೆಯ ಸಣ್ಣ ಕಿರಣವನ್ನೂ ನೋಡಿ, ಇದೇ ನಡುವಿನದ್ದು ಅಂತ ಖಾತ್ರಿ ಮಾಡಿಕೊಂಡು ಬಿಗಿದೆವು. ಎದುರಿನ ಟವರಿನಲ್ಲೂ ಹಾಗೆಯೇ.

ಮೈನಸ್ 58ರಲ್ಲಿ ಬಿಗಿದಿದ್ದರೆ ಬೇಸಿಗೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆ ಪಾಸ್, ಬಿಲ್ ಪಾಸ್. ಜುಲೈಯಲ್ಲಿ ಜೋರು ಮಳೆಗೆ, ಸ್ವಲ್ಪ ಗಾಳಿಗೆ ಲಿಂಕ್ ಬೀಳುತ್ತಿತ್ತು. ಲಿಂಕ್ ವರದಿ ಪರಿಶೀಲಿಸುವವರು ದೀಪ ನೋಡಬೇಡಿ, ಲೆಕ್ಕದ ಅಂಕಿಯ ಪಕ್ಕದಲ್ಲಿ ಬಂದ ಅಂಕಿ ಇಟ್ಟು ನೋಡಿ.

ಕರೆಂಟ್

ಮಳೆಗಾಲದಲ್ಲಿ ಇಲ್ಲಿ ಲೈನಿನ ಮೇಲೆ ಮರ ಬೀಳುವುದು ಮಾಮೂಲಿ. ರಾತ್ರಿ ಹೋದ ಕರೆಂಟ್ ಮರುದಿನ ಬಂದರೆ ಅದೇ ದೊಡ್ಡದು. ರಸ್ತೆಯೇ ಮುಚ್ಚಿದರೆ ಡೀಸೆಲ್ ಕ್ಯಾನ್ ಕೂಡ ಮೇಲೆ ಬರುವುದಿಲ್ಲ. ಸೋಲಾರ್ ಪ್ಯಾನೆಲ್ ಇದೆ, ಆದರೆ ವಾರಗಟ್ಟಲೆ ಮೋಡ ಕವಿದಿರುವಾಗ ಅದನ್ನು ನಂಬಿ ಕೂರುವಂತಿಲ್ಲ. ಪ್ಯಾನೆಲ್ ಮೇಲೆ ಪಾಚಿ ಬೇರೆ ಕಟ್ಟುತ್ತದೆ.

ಆದ್ದರಿಂದ ಬ್ಯಾಟರಿಯ ಲೆಕ್ಕವನ್ನೇ ಬಿಗಿ ಮಾಡಿದೆವು. 48 ವೋಲ್ಟಿನ, 100 ಆಂಪಿಯರ್-ಅವರ್‌ನ ಮೂರು ಲಿಥಿಯಂ ಬ್ಯಾಟರಿ. ಒಟ್ಟು 14.4 ಯೂನಿಟ್, ಬಳಸಲು 12 ಅಂತ ಇಟ್ಟುಕೊಳ್ಳಿ. ಎರಡೂ ಬ್ಯಾಂಡ್ ಓಡಿದರೆ ಸೈಟಿನ ಖರ್ಚು 900 ವ್ಯಾಟ್, 13 ಗಂಟೆ ಬರುತ್ತದೆ. 2100 ಬಂದ್ ಮಾಡಿ 700 ಮಾತ್ರ ಇಟ್ಟರೆ 500 ವ್ಯಾಟ್, ಪೂರ್ತಿ 24 ಗಂಟೆ. ಕರೆಂಟ್ ಹೋಗಿ ಅರ್ಧ ಗಂಟೆಯಾದರೆ 2100 ತಾನಾಗಿ ಬಂದ್ ಆಗುವಂತೆ ಸೆಟ್ ಮಾಡಿಸಿದೆ. ಮಾಮೂಲಿಯಾಗಿ ಬ್ಯಾಟರಿ ತೀರಾ ಕೆಳಗಿಳಿದ ಮೇಲೆ ಬಂದ್ ಆಗುವ ಹಾಗೆ ಇಡುತ್ತಾರೆ. ಆಗ ಉಳಿಸಲು ಎಂತ ಉಂಟು? ವಿಡಿಯೊ ನಿಧಾನ ಆಗುತ್ತದೆ ಅಂತ ದೂರು ಬರಬಹುದು, ಬರಲಿ. ರಾತ್ರಿ ಮೂರಕ್ಕೆ 112 ಹೋಗಬೇಕು.

ಇನ್ನೊಂದು ಸಣ್ಣ ವಿಷಯ: ಕ್ಯಾಬಿನೆಟ್‌ನ ಕೇಬಲ್ ತೂತುಗಳನ್ನು ಚೆನ್ನಾಗಿ ಮುಚ್ಚಿ. ಮೊದಲ ಮಳೆಗೆ ಇರುವೆ ಒಳಗೆ ಬರುತ್ತವೆ, ಹಿಂದೆಯೇ ಹಲ್ಲಿ, ಇಲಿ, ಅದರ ಹಿಂದೆ ಹಾವು.

ಕೈಯಲ್ಲಿರುವ ಫೋನ್

ಮೇ ತಿಂಗಳಲ್ಲಿ ಚಾಲೂ ಆಯಿತು. ಕಂಟ್ರೋಲ್ ರೂಮಿಗೆ ಮೊದಲೇ ತಿಳಿಸಿ ಪರೀಕ್ಷೆಯ ಕರೆ ಮಾಡಿದೆವು. ಕರೆ ಹೋಯಿತು, ವಾಪಸ್ ಕರೆಯೂ ಬಂತು. ಇಷ್ಟಕ್ಕೆ ಕೆಲಸ ಮುಗಿಯಿತು ಅಂತ ಹೊರಟರೆ ಅರ್ಧ ಊರಿಗೆ ಟವರ್ ಇದ್ದೂ ಇಲ್ಲದ ಹಾಗೆ.

ಟವರ್ 4ಜಿ ಮಾತ್ರ. ಅದರಲ್ಲಿ ಮಾತಾಡಲು ಫೋನಿಗೆ ವೋಲ್ಟಿ (4ಜಿಯಲ್ಲೇ ಮಾತಾಡುವ ಸೌಲಭ್ಯ) ಬೇಕು. ವಯಸ್ಸಾದವರ ಕೈಯಲ್ಲಿ ಹೆಚ್ಚಾಗಿ ಹಳೆಯ 2ಜಿ ಕೀಪ್ಯಾಡ್ ಫೋನ್. ಒಬ್ಬ ಅಜ್ಜಿ, ‘ಇದು ಸರಿ ಉಂಟಲ್ಲ ಮಗಾ, ಹೊಸದು ಎಂತಕ್ಕೆ?’ ಅಂತ ಕೇಳಿದರು. ಮಾತು ಸರಿಯೇ, ಫೋನ್ ಹಾಳಾಗಿಲ್ಲ. ಆದರೆ ಈ ಟವರಿಗೆ ಅದರ ಭಾಷೆ ಬರುವುದಿಲ್ಲ. ಸ್ಮಾರ್ಟ್‌ಫೋನ್ ಇದ್ದ ಕೆಲವರಲ್ಲಿ ಸೆಟಿಂಗ್‌ನಲ್ಲಿ ವೋಲ್ಟಿ ಬಂದ್ ಇತ್ತು. ಊರಿನ ಆಶಾ ಕಾರ್ಯಕರ್ತೆ ಅಕ್ಕನ ಜೊತೆ ಮನೆಮನೆಗೆ ಹೋಗಿ ಫೋನ್ ನೋಡಿದೆವು. ಆನ್ ಮಾಡಬೇಕಾದದ್ದನ್ನು ಮಾಡಿದೆವು. ಬದಲಿಸಬೇಕಾದ ಫೋನುಗಳ ಪಟ್ಟಿಯನ್ನು ಮಕ್ಕಳಿಗೆ ತಲುಪಿಸಿದೆವು, 4ಜಿ ಕೀಪ್ಯಾಡ್ ಫೋನೂ ಸಿಗುತ್ತದೆ ಅಂತ ಹೇಳಿದೆವು. ಸ್ಮಾರ್ಟ್‌ಫೋನಿನ ಪವರ್ ಬಟನ್ ಮೂರು ಸಲ (ಕೆಲವದರಲ್ಲಿ ಐದು ಸಲ) ಒತ್ತಿದರೆ, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ 112ಕ್ಕೆ ಹೋಗುವ ಸೌಲಭ್ಯ ಇದೆ. ಅದನ್ನೂ ತೋರಿಸಿಕೊಟ್ಟೆವು. ಟವರ್ ಯೋಜನೆಗಳಲ್ಲಿ ಈ ಕೆಲಸಕ್ಕೆ ಹಣವೂ ಇಲ್ಲ, ಜನರೂ ಇಲ್ಲ. ಇರಲೇಬೇಕು.

ಬೇರೆ ಕಂಪನಿಯ ಸಿಮ್ ಇದ್ದವರ ಪ್ರಶ್ನೆಯೂ ಬಂತು. 2025ರ ಜನವರಿಯಲ್ಲಿ ಸರ್ಕಾರ, ತನ್ನ ನಿಧಿಯಿಂದ ಕಟ್ಟಿದ ಇಂಥ ಟವರುಗಳಲ್ಲಿ ಬೇರೆ ಕಂಪನಿಗಳ ಗ್ರಾಹಕರೂ 4ಜಿ ಬಳಸುವ ವ್ಯವಸ್ಥೆ ಶುರು ಮಾಡಿತು. ತುಂಬ ಒಳ್ಳೆಯ ನಿರ್ಧಾರ. ಒಂದೇ ಟವರ್ ಇರುವ ಊರಿನಲ್ಲಿ ಸಿಮ್ ಯಾವುದು ಅನ್ನುವುದು ಜೀವದ ಪ್ರಶ್ನೆ ಆಗಬಾರದು.

ಒಂದು ಮಿತಿ ಗೊತ್ತಿರಲಿ. ಒಂಟಿ ಟವರ್ ಫೋನಿನ ದೂರವನ್ನು 78 ಮೀಟರ್‌ನ ಹಂತಗಳಲ್ಲಿ ಅಳೆಯಬಲ್ಲದು, ಆದರೆ ಸೆಕ್ಟರಿನ ಒಳಗೆ ಯಾವ ದಿಕ್ಕು ಅಂತ ಹೇಳಲಾರದು. ಹಾಗಾಗಿ ಮನೆ ಹೆಸರು, ಸೇತುವೆ, ದೈವಸ್ಥಾನ ಅಂತ ಬಾಯಲ್ಲೇ ದಾರಿ ಹೇಳಲು ಅಭ್ಯಾಸ ಇರಬೇಕು. ಡ್ರೈವರಿಗೆ ಲೊಕೇಶನ್ ಕಳಿಸುವುದನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು.

ಮಳೆಗಾಲದ ದಾಖಲೆ ನೋಡಿದೆ. ಜುಲೈಯ ಜೋರು ಮಳೆಗೆ ಲಿಂಕ್ ಮೈನಸ್ 47ರವರೆಗೆ ಇಳಿದು ವಾಪಸ್ ಬಂದಿದೆ, ಒಮ್ಮೆಯೂ ಬಿದ್ದಿಲ್ಲ. ಕರೆಂಟ್ ಹೋದ ರಾತ್ರಿಗಳಲ್ಲಿ 2100 ಬಂದ್ ಆಗಿ 700 ಬೆಳಗಿನವರೆಗೆ ಓಡಿದೆ. ಚರಂಡಿ ತುಂಬಿ ಹರಿದಿದೆ, ಫೂಟಿಂಗ್ ಸುತ್ತ ಮಣ್ಣು ಕದಲಿಲ್ಲ. ಅರ್ಥಿಂಗ್‌ನ ಒಂದು ಜಾಯಿಂಟಿನಲ್ಲಿ ತುಕ್ಕು ಕಂಡಿತು, ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿ ಕಟ್ಟಿದೆವು.

ಉಳಿದದ್ದು ಹೊಳೆಯ ಆಚೆಯ ಓಣಿ. ಅಲ್ಲಿನ ಮನೆಗಳು ಗುಡ್ಡದ ಒಂದು ಏಣಿನ (ಚಾಚಿದ ಬೆನ್ನಿನ) ಹಿಂದೆ ಮರೆಯಾಗಿವೆ. ಆಂಟೆನಾ ಎಷ್ಟು ತಿರುಗಿಸಿದರೂ ತಲುಪುವುದಿಲ್ಲ, ಅವರು ಈಗಲೂ ಪಾದೆ ಹತ್ತಬೇಕು. ಏಣಿನ ಮೇಲೆ 10 ಮೀಟರ್ ಕಂಬ ನೆಟ್ಟು, ಕಡಿಮೆ ಶಕ್ತಿಯ 700ರ ಸಣ್ಣ ಸೈಟ್ ಇಟ್ಟರೆ ಆಗುತ್ತದೆ. ಈ ಟವರಿನಿಂದಲೇ ಲಿಂಕ್ ಕೊಡಬಹುದು, ನೇರ ಕಾಣುತ್ತದೆ. ಪ್ರಸ್ತಾವ ಬರೆದು ಕಳಿಸಿದ್ದೇನೆ. ಕಂಬಕ್ಕೆ ಜಾಗ ಕೊಡಲು ಅಲ್ಲಿನವರು ಒಪ್ಪಿದ್ದಾರೆ. ಮಳೆ ಬಿಟ್ಟ ಕೂಡಲೇ ಮಣ್ಣು ಅಳೆಯಲು ಹೋಗಬೇಕು, ಅರ್ಥಿಂಗ್ ಅಳತೆ ಮತ್ತೆ ಏಪ್ರಿಲ್‌ಗೆ.